ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಾದ ಸಭೆ

ಉತ್ತರ ಯುರೋಪಿನ ಐದು ದೇಶಗಳ ಸಂಸದರು ಒಂದೆಡೆ ಕೂರುವ ನಾರ್ಡಿಕ್ ಕೌನ್ಸಿಲ್‌ಗೆ ಒಂದೇ ಒಂದು ಕಾನೂನು ಮಾಡುವ ಅಧಿಕಾರವೂ ಇಲ್ಲ. ತೆರಿಗೆ ಹಾಕುವಂತಿಲ್ಲ, ಸರ್ಕಾರ ಬೀಳಿಸುವಂತಿಲ್ಲ, ಮಂತ್ರಿಯನ್ನು ಮನೆಗೆ ಕಳಿಸುವಂತಿಲ್ಲ. ವರ್ಷಕ್ಕೊಂದು ದೊಡ್ಡ ಅಧಿವೇಶನ, ನಡುನಡುವೆ ಸಮಿತಿ ಸಭೆಗಳು, ಕೊನೆಗೆ ಸರ್ಕಾರಗಳಿಗೊಂದು ಶಿಫಾರಸು. ದಾವಣಗೆರೆಯಲ್ಲಿ ವಕೀಲಿಕೆ ಮಾಡುವ ನಮ್ಮಣ್ಣನಿಗೆ ಫೋನಿನಲ್ಲಿ ಇದನ್ನು ವಿವರಿಸಿದರೆ, "ಮತ್ತೆ ಅಲ್ಲಿಗೆ ಹೋಗಿ ಏನ್ ಮಾಡ್ತಾರಮ್ಮಾ, ಕಾಫಿ ಕುಡಿದು ಬರ್ತಾರಾ?" ಅಂದ. ಕಾಫಿ ಕುಡಿಯುವುದು ನಿಜ. ಈ ಜನ ಕುಡಿಯುವಷ್ಟನ್ನು ಚಿಕ್ಕಮಗಳೂರಿನವರೂ ಕುಡಿಯಲಾರರು. ಆದರೆ ನನ್ನ ಕೆಲಸ, ನನ್ನ ಪಿಂಚಣಿ, ಗಡಿ ದಾಟಿ ಹೋಗಿ ಸಂಜೆಗೆ ಮನೆ ಸೇರುವ ನನ್ನ ದಿನಚರಿ, ಎಲ್ಲದರ ಬೇರು ಆ ಸಭೆಗಳಲ್ಲಿದೆ ಎಂದೆ. ಅವನು ನಂಬಲಿಲ್ಲ. ಅವನಿಗೆ ಹೇಳಬೇಕೆಂದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಸ್ವೀಡನ್ನಿನ ಮಾಲ್ಮೋದಲ್ಲಿ. ಕೆಲಸ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ, ಹಾಲು, ಚೀಸು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ. ನಡುವೆ ಸಮುದ್ರ, ಅದರ ಮೇಲೆ 2000ದಲ್ಲಿ ತೆರೆದ ಓರೆಸುಂಡ್ ಸೇತುವೆ. ರೈಲಿಗೆ ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ, ಕೈಯಲ್ಲಿನ್ನೂ ಭಾರತದ ಪಾಸ್‌ಪೋರ್ಟ್ ಇದ್ದಾಗ, ಆಚೆ ದಡದ ಒಂದು ಲ್ಯಾಬಿನವರು ಕೆಲಸಕ್ಕೆ ಕರೆದರು. ಸ್ವೀಡನ್ನಿನ ವಾಸದ ಪರವಾನಗಿ ಡೆನ್ಮಾರ್ಕಿನಲ್ಲಿ ಕೆಲಸ ಮಾಡಲು ನಡೆಯುವುದಿಲ್ಲ, ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ಕಾಯುವಿಕೆ. ಕಾಗದಪತ್ರ ಜೋಡಿಸುವಷ್ಟರಲ್ಲಿ ಆ ಕುರ್ಚಿಯಲ್ಲಿ ಫಿನ್ಲೆಂಡಿನ ಹುಡುಗಿಯೊಬ್ಬಳು ಬಂದು ಕೂತಾಗಿತ್ತು. ಅವಳು ಯಾವ ಅರ್ಜಿಯನ್ನೂ ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಮುಂದೆ, ಆಗಿನ ನಿಯಮದಂತೆ ಐದು ವರ್ಷ ತುಂಬಿ ನನಗೆ ಸ್ವೀಡನ್ನಿನ ಪೌರತ್ವ ಸಿಕ್ಕಿತು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ತೆಗೆದುಕೊಂಡೆ. (ಒಪ್ಪಿಸಿದ ದಿನದ ಸಂಕಟ ಇಲ್ಲಿ ಬೇಡ.) ಅಂದಿನಿಂದ ಡೆನ್ಮಾರ್ಕ್, ನಾರ್ವೆ, ಫಿನ್ಲೆಂಡ್, ಐಸ್‌ಲೆಂಡ್, ಎಲ್ಲಿ ಬೇಕಾದರೂ ನಾಳೆ ಬೆಳಿಗ್ಗೆಯೇ ಕೆಲಸಕ್ಕೆ ಸೇರಬಹುದು.

ಇದೆಲ್ಲ ಐರೋಪ್ಯ ಒಕ್ಕೂಟದ ಕೊಡುಗೆ ಎಂದು ಇಲ್ಲಿಯ ಭಾರತೀಯರಲ್ಲಿ ಹೆಚ್ಚಿನವರು ಅಂದುಕೊಂಡಿದ್ದಾರೆ. ಆ ಒಕ್ಕೂಟದ ತಾಯಿಬೇರಾದ ರೋಮ್ ಒಪ್ಪಂದ ಆದದ್ದು 1957ರಲ್ಲಿ. ನಾರ್ಡಿಕ್ ದೇಶಗಳ ಪ್ರಜೆಗಳು ಪರಸ್ಪರರ ದೇಶದಲ್ಲಿ ಪರವಾನಗಿಯಿಲ್ಲದೆ ದುಡಿಯಬಹುದೆಂಬ ಒಪ್ಪಂದ 1954ರದು. ಸಾಮಾಜಿಕ ಭದ್ರತೆಯ ಒಪ್ಪಂದ 1955ರದು: ಒಂದು ದೇಶದಲ್ಲಿ ದುಡಿದವರು ಇನ್ನೊಂದರಲ್ಲಿ ಕಾಯಿಲೆ ಬಿದ್ದರೆ ಕೈಬಿಡುವಂತಿಲ್ಲ. 1958ರಲ್ಲಿ ಈ ದೇಶಗಳ ನಡುವಿನ ಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆಯೇ ನಿಂತಿತು. ಇವೆಲ್ಲ ಆ ಅಧಿಕಾರವಿಲ್ಲದ ಸಂಸದರ ಸಭೆ ಹುಟ್ಟಿದ ಮೊದಲ ಆರೇಳು ವರ್ಷಗಳಲ್ಲಿ ಆದವು.

ಸಭೆಯ ಯೋಚನೆಯನ್ನು 1951ರಲ್ಲಿ ಮುಂದಿಟ್ಟವರು ಡೆನ್ಮಾರ್ಕಿನ ಹಾನ್ಸ್ ಹೆಡ್‌ಟಾಫ್ಟ್. 1952ರಲ್ಲಿ ಸ್ಥಾಪನೆ, 1953ರ ಫೆಬ್ರುವರಿಯಲ್ಲಿ ಕೋಪನ್‌ಹೇಗನ್‌ನಲ್ಲಿ ಮೊದಲ ಅಧಿವೇಶನ, ಅದಕ್ಕೆ ಹೆಡ್‌ಟಾಫ್ಟ್ ಅವರೇ ಅಧ್ಯಕ್ಷರು. 1955ರ ಜನವರಿಯಲ್ಲಿ, ಡೆನ್ಮಾರ್ಕಿನ ಪ್ರಧಾನಿಯಾಗಿದ್ದಾಗಲೇ, ಇದೇ ಕೌನ್ಸಿಲ್‌ನ ಅಧಿವೇಶನಕ್ಕೆಂದು ಸ್ಟಾಕ್‌ಹೋಮಿಗೆ ಹೋದವರು ಅಲ್ಲೇ ತೀರಿಕೊಂಡರು.

"ಅವರದೆಲ್ಲ ಒಂದೇ ರಕ್ತ, ಹೆಚ್ಚುಕಡಿಮೆ ಒಂದೇ ಭಾಷೆ, ನಮ್ಮ ಹಾಗೆ ಜಗಳ ಎಲ್ಲಿದೆ?" ಇದು ಅಣ್ಣನ ಎರಡನೇ ವಾದ. ಜಗಳಕ್ಕೇನೂ ಬರವಿಲ್ಲ. ಮಾಲ್ಮೋದ ದೊಡ್ಡ ಚೌಕದಲ್ಲಿ ಕುದುರೆಯೇರಿದ ಹತ್ತನೇ ಕಾರ್ಲ್ ಗುಸ್ತಾವ್ ರಾಜನ ಪ್ರತಿಮೆ ಇದೆ. 1658ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸಮುದ್ರದ ಮೇಲೇ ಸೈನ್ಯ ನಡೆಸಿ, ಡೆನ್ಮಾರ್ಕನ್ನು ಮಣಿಸಿ, ಮಾಲ್ಮೋ ಸಮೇತ ಇಡೀ ಪ್ರಾಂತ್ಯವನ್ನು ಕಸಿದುಕೊಂಡವನು ಅವನು. ಅಂದರೆ ನಾನು ಬಾಡಿಗೆ ಕಟ್ಟುತ್ತಿರುವ ನೆಲ ಒಂದು ಕಾಲಕ್ಕೆ ಡೆನ್ಮಾರ್ಕಿನದು. ನಾರ್ವೆ 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾದಾಗ ಎರಡೂ ಕಡೆ ಸೈನ್ಯ ಸಜ್ಜಾಗಿತ್ತು. ಓಲಂಡ್ ದ್ವೀಪಗಳಿಗಾಗಿ ಸ್ವೀಡನ್ ಮತ್ತು ಫಿನ್ಲೆಂಡ್ ಕಿತ್ತಾಡಿ, ವ್ಯಾಜ್ಯ ರಾಷ್ಟ್ರಸಂಘದ ಮುಂದೆ ಹೋಗಿ, 1921ರಲ್ಲಿ ದ್ವೀಪಗಳು ಫಿನ್ಲೆಂಡಿಗೆ ಉಳಿದವು. ಎರಡನೇ ಮಹಾಯುದ್ಧದಲ್ಲಿ ನಾರ್ವೆ ಜರ್ಮನಿಯ ಕಾಲಡಿ ಇದ್ದಾಗ ಸ್ವೀಡನ್ ತನ್ನ ರೈಲುಗಳಲ್ಲಿ ಜರ್ಮನ್ ಸೈನಿಕರ ಓಡಾಟಕ್ಕೆ ಒಪ್ಪಿತ್ತು. ನಾರ್ವೆಯ ಹಿರಿಯರು ಅದನ್ನು ಸುಲಭಕ್ಕೆ ಮರೆತವರಲ್ಲ. ಯುದ್ಧ ಮುಗಿದ ಮೇಲೆ ಸೇರಿ ಒಂದು ರಕ್ಷಣಾ ಕೂಟ ಕಟ್ಟೋಣವೆಂದು ಹೊರಟರು, ಮಾತು ಮುರಿಯಿತು. 1949ರಲ್ಲಿ ಡೆನ್ಮಾರ್ಕ್, ನಾರ್ವೆ, ಐಸ್‌ಲೆಂಡ್ ನೇಟೋ ಸೇರಿದವು, ಸ್ವೀಡನ್ ತಟಸ್ಥ, ಫಿನ್ಲೆಂಡ್ ಸೋವಿಯತ್ ಒಕ್ಕೂಟದ ಜೊತೆ 1948ರ ಒಪ್ಪಂದಕ್ಕೆ ಕಟ್ಟುಬಿದ್ದಿತ್ತು. ಶೀತಲ ಸಮರದಲ್ಲಿ ಹೀಗೆ ಮೂರು ದಿಕ್ಕಾದ ಬೆನ್ನಲ್ಲೇ ಈ ಸಭೆ ಹುಟ್ಟಿತು.

ಫಿನ್ಲೆಂಡ್ 1955ರಲ್ಲಿ ಒಳಗೆ ಬಂದದ್ದು ಒಂದು ಷರತ್ತಿನ ಮೇಲೆ. ಸೈನ್ಯದ ವಿಚಾರ, ಮಹಾಶಕ್ತಿಗಳ ಜಗಳದಲ್ಲಿ ಯಾರ ಪಕ್ಷ ಎಂಬ ವಿಚಾರ ಬಂದರೆ ನಾವು ಚರ್ಚೆಯಲ್ಲಿ ಇರುವುದಿಲ್ಲ ಎಂದರು ಅವರು. ಉಳಿದವರು ಹೇಡಿಗಳೆಂದು ಹಂಗಿಸಲಿಲ್ಲ, ಸರಿ ಬನ್ನಿ ಎಂದರು. ದಶಕಗಟ್ಟಲೆ ಆ ಸಭೆ ಮಾತಾಡಿದ್ದು ಪಿಂಚಣಿ, ಪದವಿಯ ಮಾನ್ಯತೆ, ಶಾಲೆ, ಮೀನು, ರಸ್ತೆ ಇಂಥದ್ದನ್ನೇ. ಓದಿದರೆ ಆಕಳಿಕೆ ಬರುವ ನಡಾವಳಿಗಳು. ಬೇಸರ ಬರಿಸುವ ಕೆಲಸವನ್ನು ಬೇಸರವಿಲ್ಲದೆ ಮಾಡುವ ಸಂಸದರು ಒಂದು ಪ್ರದೇಶಕ್ಕೆ ಸಿಕ್ಕರೆ ಅದು ಪುಣ್ಯ ಎಂದೇ ನನ್ನ ಅಭಿಪ್ರಾಯ.

ಅಧಿಕಾರವಿಲ್ಲದ ಸಭೆಗೆ ಬಲ ಎಲ್ಲಿಂದ ಬಂತು? ಮುಖ್ಯವಾದದ್ದು ಒಂದು ಸಣ್ಣ ನಿಯಮ. ಕೌನ್ಸಿಲ್ ಶಿಫಾರಸು ಮಾಡಿದ್ದರ ಬಗ್ಗೆ ಏನು ಮಾಡಿದಿರಿ ಎಂದು ಸರ್ಕಾರಗಳು ಕೌನ್ಸಿಲ್‌ಗೆ ಬಂದು ಹೇಳಬೇಕು. ಮಾಡಲಿಲ್ಲವಾದರೆ ಅದನ್ನೂ ಹೇಳಬೇಕು. ಪ್ರಧಾನಿಗಳು, ಮಂತ್ರಿಗಳು ಅಧಿವೇಶನಕ್ಕೆ ಬರುತ್ತಾರೆ, ಮಾತಾಡುತ್ತಾರೆ, ಪ್ರಶ್ನೆ ಎದುರಿಸುತ್ತಾರೆ. ಮತ ಹಾಕುವ ಹಕ್ಕು ಮಾತ್ರ ಅವರಿಗಿಲ್ಲ. ಡೆನ್ಮಾರ್ಕಿನ ಮಂತ್ರಿಯನ್ನು ಸ್ವೀಡನ್ನಿನ ವಿರೋಧ ಪಕ್ಷದ ಸಂಸದೆ ಎದುರೆದುರೇ ಕೇಳಬಹುದು: ಹೋದ ಸಲ ನೋಡುತ್ತೇವೆ ಅಂದಿದ್ದಿರಿ, ನೋಡಿದಿರಾ?

ಇನ್ನೊಂದು, ಅಲ್ಲಿ ಕೂರುವವರು ಯಾರೆಂಬುದು. ಒಟ್ಟು 87 ಜನ. ಸ್ವೀಡನ್, ಡೆನ್ಮಾರ್ಕ್, ನಾರ್ವೆ, ಫಿನ್ಲೆಂಡ್‌ಗಳಿಂದ ತಲಾ 20, ಐಸ್‌ಲೆಂಡಿನಿಂದ 7. ಡೆನ್ಮಾರ್ಕಿನ ಇಪ್ಪತ್ತರಲ್ಲಿ ಗ್ರೀನ್‌ಲೆಂಡಿಗೆ ಎರಡು, ಫೇರೋ ದ್ವೀಪಗಳಿಗೆ ಎರಡು. ಫಿನ್ಲೆಂಡಿನ ಇಪ್ಪತ್ತರಲ್ಲಿ ಎರಡು, ಒಂದು ಕಾಲಕ್ಕೆ ವ್ಯಾಜ್ಯದಲ್ಲಿದ್ದ ಅದೇ ಓಲಂಡ್ ದ್ವೀಪಗಳಿಗೆ. ಪ್ರತಿ ದೇಶದ ಸಂಸತ್ತು ತನ್ನವರನ್ನು ಆರಿಸಿ ಕಳಿಸುವಾಗ ಎಲ್ಲ ಪಕ್ಷಗಳಿಗೂ ಅವರವರ ಬಲದಷ್ಟು ಜಾಗ ಕೊಡಬೇಕು. ಅಲ್ಲಿಗೆ ಹೋದ ಮೇಲೆ ಅವರು ದೇಶವಾರು ಗುಂಪಾಗುವುದಿಲ್ಲ, ಪಕ್ಷವಾರು ಗುಂಪಾಗುತ್ತಾರೆ: ಐದೂ ದೇಶಗಳ ಸೋಷಿಯಲ್ ಡೆಮಾಕ್ರಾಟರು ಒಂದು ಕಡೆ, ಬಲಪಂಥೀಯರು ಒಂದು ಕಡೆ. ದೇಶ-ದೇಶದ ಜಗಳ ಎಷ್ಟೋ ಸಲ ಎಡ-ಬಲದ ಜಗಳವಾಗಿ ಇಳಿಯುವುದು ಹೀಗೆ.

ಒಂದು ಕೋಟಿಗೂ ಹೆಚ್ಚು ಜನರ ಸ್ವೀಡನ್ ಇಪ್ಪತ್ತು ಕುರ್ಚಿಗೆ ತೃಪ್ತಿಪಟ್ಟು, ನಾಲ್ಕು ಲಕ್ಷವೂ ಇಲ್ಲದ ಐಸ್‌ಲೆಂಡಿಗೆ ಏಳು ಬಿಟ್ಟುಕೊಟ್ಟಿದೆ ಎಂಬುದನ್ನು ನಾವು ಎರಡು ಸಲ ಓದಬೇಕು. ದೊಡ್ಡವನು ತಾನೇ ಕುಗ್ಗಿ ಕೂರದೆ ಇಂಥ ಸಭೆ ನಡೆಯುವುದಿಲ್ಲ. ದಕ್ಷಿಣ ಏಷ್ಯಾದಲ್ಲಿ ಆ ದೊಡ್ಡವನು ಯಾರೆಂದು ಹೇಳಬೇಕಿಲ್ಲ.

ಹಾಗೆಂದು ಇಲ್ಲಿ ಎಲ್ಲ ಸರಿಯಿದೆ ಎನ್ನುವಂತಿಲ್ಲ. 2016ರ ಜನವರಿಯಲ್ಲಿ, ನಿರಾಶ್ರಿತರ ಹರಿವನ್ನು ತಡೆಯಲೆಂದು, ಸ್ವೀಡನ್ ಗುರುತಿನ ಚೀಟಿ ತಪಾಸಣೆ ತಂದಿತು. ಕೋಪನ್‌ಹೇಗನ್ ವಿಮಾನ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರನ್ನೂ ಇಳಿಸಿ, ಚೀಟಿ ನೋಡಿ, ಇನ್ನೊಂದು ರೈಲಿಗೆ ಹತ್ತಿಸುತ್ತಿದ್ದರು. ಮರುವರ್ಷದ ಮೇ ತನಕ ನಡೆಯಿತು. ಅರವತ್ತು ವರ್ಷ ದಾಟಿದ್ದ ಸಭೆಯನ್ನು ಆಗ ಯಾರು ಕೇಳಿದರು? 2020ರ ಕೊರೊನಾದಲ್ಲೂ ಹಾಗೆಯೇ. ದೂರದ ಉತ್ತರದಲ್ಲಿ ಫಿನ್ಲೆಂಡಿನ ಟೊರ್ನಿಯೊ, ಸ್ವೀಡನ್ನಿನ ಹಪರಾಂಡ ಎಂಬ ಅಂಟಿಕೊಂಡ ಊರುಗಳಿವೆ. ಗಡಿಯಾರಗಳಲ್ಲಿ ಒಂದು ಗಂಟೆ ವ್ಯತ್ಯಾಸ, ಗಾಲ್ಫ್ ಮೈದಾನ ಮಾತ್ರ ಒಂದೇ, ಎರಡೂ ದೇಶಕ್ಕೆ ಚಾಚಿದೆ. ಆ ಊರುಗಳ ನಡುವಿನ ಚೌಕದಲ್ಲೇ ಬೇಲಿ ಬಿತ್ತು. ನೆಂಟರಿಷ್ಟರು ಬೇಲಿಯ ಆಚೀಚೆ ನಿಂತು ಮಾತಾಡಿದರು. ಹೆದರಿದ ಸರ್ಕಾರಕ್ಕೆ ನೆರೆಯವರ ನೆನಪಿರುವುದಿಲ್ಲ. ಇನ್ನು ನನ್ನಂಥವರ ತೆರಿಗೆಯ ಕತೆ: ಮನೆಯಲ್ಲಿ ಕೂತು ಕೆಲಸ ಮಾಡಿದ ದಿನಗಳ ತೆರಿಗೆ ಯಾವ ದೇಶಕ್ಕೆ ಎಂಬ ಗೋಜಲು ಬಿಡಿಸಲು 2003ರ ಡೆನ್ಮಾರ್ಕ್–ಸ್ವೀಡನ್ ಒಪ್ಪಂದವನ್ನು ತಿದ್ದಬೇಕಿತ್ತು. ಹೊಸದು ಜಾರಿಗೆ ಬಂದದ್ದು 2025ರ ಜನವರಿಯಲ್ಲಿ.

ಆದರೂ ತಿದ್ದಿದರು. ಗಡಿ ದಾಟುವವರಿಗೆ ಎದುರಾಗುವ ಅಡ್ಡಿಗಳನ್ನು ಹುಡುಕಿ, ಪಟ್ಟಿ ಮಾಡಿ, ಬಿಡಿಸಲೆಂದೇ 2014ರಿಂದ ಒಂದು ಮಂಡಳಿ ಇದೆ. ಒಂದು ದೇಶದಲ್ಲಿ ಅರ್ಧ ಅಂಗವಿಕಲ ಎಂದು ಪಿಂಚಣಿ ಪಡೆದವರನ್ನು ಇನ್ನೊಂದು ದೇಶ ನೀವು ಗಟ್ಟಿಮುಟ್ಟಾಗಿದ್ದೀರಿ ಎಂದು ಕಳಿಸುವುದು, ಈ ದೇಶದ ಡಿಜಿಟಲ್ ಗುರುತು ಆ ದೇಶದ ಬ್ಯಾಂಕಿಗೆ ಅರ್ಥವಾಗದಿರುವುದು, ಇಂಥವು ಆ ಪಟ್ಟಿಯ ಸಂಗತಿಗಳು. ಪಟ್ಟಿಯಲ್ಲಿರುವುದು ಇಂದಲ್ಲ ನಾಳೆ ಯಾರಾದರೂ ಮಂತ್ರಿಯ ಮುಂದೆ ಬರುತ್ತದೆ.

ಈಗ ನಮ್ಮ ಕಡೆಗೆ. ಸಾರ್ಕ್ ಹುಟ್ಟಿದ್ದು 1985ರಲ್ಲಿ ಢಾಕಾದಲ್ಲಿ. ಅದರ ಎರಡನೇ ಶೃಂಗಸಭೆ 1986ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಕಠ್ಮಂಡುವಿನಲ್ಲಿ ಸಚಿವಾಲಯ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಬೆಂಗಳೂರಿನಲ್ಲೇ. ದ್ವಿಪಕ್ಷೀಯ, ವಿವಾದಾಸ್ಪದ ವಿಷಯಗಳನ್ನು ಚರ್ಚೆಗೆ ತರಬಾರದು ಎಂದು ಸಾರ್ಕ್ ಸನ್ನದಿನಲ್ಲೇ ಬರೆದಿದೆ. ಫಿನ್ಲೆಂಡಿನ ಷರತ್ತಿನ ಹಾಗೆಯೇ ಇದೂ. ಹಾಗಾದರೆ ಎಡವಿದ್ದು ಎಲ್ಲಿ? ಸಾರ್ಕ್‌ನ ಮೆಟ್ಟಿಲು ಶುರುವಾಗುವುದೇ ಪ್ರಧಾನಿಗಳಿಂದ. ಅವರು ಮುನಿಸಿಕೊಂಡರೆ ಕೆಳಗಿನದೆಲ್ಲ ಸ್ತಬ್ಧ. 2014ರ ಕಠ್ಮಂಡು ಶೃಂಗಸಭೆಯೇ ಕೊನೆ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಿದ್ದದ್ದು ಉರಿ ದಾಳಿಯ ನಂತರ ರದ್ದಾಯಿತು, ಮತ್ತೆ ಎದ್ದಿಲ್ಲ.

ಸಂಸದರಿಗೆಂದು ಏನೂ ಇರಲಿಲ್ಲವೆಂದಲ್ಲ. ಸಾರ್ಕ್ ದೇಶಗಳ ಸಭಾಧ್ಯಕ್ಷರು ಮತ್ತು ಸಂಸದರ ಸಂಘವೊಂದು 1992ರಲ್ಲೇ ಹುಟ್ಟಿತ್ತು. 2016ರಿಂದ ದಕ್ಷಿಣ ಏಷ್ಯಾದ ಸಭಾಧ್ಯಕ್ಷರ ಶೃಂಗಸಭೆಗಳು ಢಾಕಾ, ಇಂದೋರ್, ಕೊಲಂಬೊಗಳಲ್ಲಿ ನಡೆದವು. 2019ರ ಸೆಪ್ಟೆಂಬರಿನಲ್ಲಿ ಮಾಲೆಯಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು: 370ನೇ ವಿಧಿಯ ವಿಚಾರ ಬಿಸಿಯಾಗಿದ್ದಾಗ ಪಾಕಿಸ್ತಾನದ ಉಪಸಭಾಧ್ಯಕ್ಷರು ಕಾಶ್ಮೀರ ಎತ್ತಿದರು, ನಮ್ಮ ರಾಜ್ಯಸಭೆಯ ಉಪಸಭಾಪತಿ ಹರಿವಂಶ್ ಎದ್ದು ಆಕ್ಷೇಪಿಸಿದರು, ಆ ತುಣುಕು ಟಿವಿಗಳಲ್ಲಿ ದಿನವಿಡೀ ಓಡಿತು. ಸಭೆಯ ವಿಷಯ ಸುಸ್ಥಿರ ಅಭಿವೃದ್ಧಿ ಎಂಬುದು ಯಾರ ತಲೆಗೂ ಹೋಗಲಿಲ್ಲ. ನನ್ನ ತಕರಾರು ಬೇರೆ. ಅಂಥ ಸಭೆಗೆ ಸಭಾಧ್ಯಕ್ಷರನ್ನೇ ಏಕೆ ಕಳಿಸುತ್ತೇವೆ? ಪಕ್ಷ ಹಿಡಿಯದೆ ಸುಮ್ಮನೆ ಆಲಿಸುವುದು ಅವರ ಹುದ್ದೆಯ ಧರ್ಮ. ಗಡಿ ಕ್ಷೇತ್ರದ ಸಂಸದರು, ವಿರೋಧ ಪಕ್ಷದವರು, ನಮ್ಮೂರ ಮೀನುಗಾರ ಅವರ ಜೈಲಿನಲ್ಲಿದ್ದಾನೆ ಎಂದು ಕೂಗಾಡುವವರು, ಅವರು ಹೋಗಬೇಕಾದ ಜಾಗ ಅದು. ಅಲ್ಲಿ ಹೇಳಿದ್ದಕ್ಕೆ ಮುಂದಿನ ವರ್ಷ ಯಾರೂ ಉತ್ತರ ಕೊಡಬೇಕಿಲ್ಲವಾದ್ದರಿಂದ ಘೋಷಣಾ ಪತ್ರ ಓದಿ ಗುಂಪು ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯಿತು.

ದಕ್ಷಿಣ ಏಷ್ಯಾಕ್ಕೆ ತೆರೆದ ಗಡಿ ಗೊತ್ತಿಲ್ಲದ ವಿದ್ಯೆಯೇನಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ, ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವ ನೇಪಾಳಿಗಳನ್ನು ನೋಡಿ. ಅವರಿಗೆ ವೀಸಾ ಬೇಡ, ಕೆಲಸದ ಪರವಾನಗಿ ಬೇಡ. 1950ರ ಭಾರತ–ನೇಪಾಳ ಒಪ್ಪಂದ ಕೊಟ್ಟ ಹಕ್ಕು ಅದು. ನಾರ್ಡಿಕ್ ದೇಶಗಳ 1954ರ ಒಪ್ಪಂದಕ್ಕಿಂತ ನಾಲ್ಕು ವರ್ಷ ಹಿರಿಯದು. ಅಲ್ಲಿ ಒಪ್ಪಂದವನ್ನು ಆಮೇಲೆ ತಿದ್ದಲೊಂದು ಸಭೆ ಮೊದಲೇ ಇತ್ತು, ಇಲ್ಲಿ ಹುಟ್ಟಲೇ ಇಲ್ಲ. ಒಪ್ಪಂದ ಸಮಾನರ ನಡುವಿನದಲ್ಲ ಎಂಬ ಕೊರಗು ನೇಪಾಳದಲ್ಲಿ ದಶಕಗಳಿಂದ ಇದೆ. ಕೊನೆಗೆ 2016ರಲ್ಲಿ ಎರಡೂ ಸರ್ಕಾರಗಳು ಸೇರಿ ತಲಾ ನಾಲ್ವರ, ಒಟ್ಟು ಎಂಟು ಗಣ್ಯರ ಸಮಿತಿ ಮಾಡಿದವು. ಭಾರತದ ಕಡೆಯ ಮುಖ್ಯಸ್ಥರು ಆಗ ಲೋಕಸಭಾ ಸದಸ್ಯರಾಗಿದ್ದ ಭಗತ್ ಸಿಂಗ್ ಕೋಶ್ಯಾರಿ, ನೇಪಾಳದ ಕಡೆ ಭೇಖ್ ಬಹಾದೂರ್ ಥಾಪಾ. ಎರಡು ವರ್ಷ ಕೂತು, 2018ರಲ್ಲಿ ಒಮ್ಮತದ ವರದಿಯನ್ನೇ ಸಿದ್ಧಪಡಿಸಿದರು. ಎರಡು ಕಡೆಯವರೂ ಒಪ್ಪಿದ ಕಾಗದ! ವರ್ಷಗಳು ಉರುಳಿದರೂ ಎರಡೂ ದೇಶದ ಪ್ರಧಾನಿಗಳು ಅದನ್ನು ಕೈಗೆ ತೆಗೆದುಕೊಂಡಿಲ್ಲ. ತಿರಸ್ಕರಿಸಿಯೂ ಇಲ್ಲ, ತಿರಸ್ಕರಿಸಬೇಕಾದರೂ ಮೊದಲು ಸ್ವೀಕರಿಸಬೇಕಲ್ಲ.

ಸಂಸತ್ತು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಕೂಚ್ ಬಿಹಾರದ ಸುತ್ತ ಬಾಂಗ್ಲಾದೇಶದೊಳಗೆ ಭಾರತದ 111 ತುಂಡು ನೆಲ, ಭಾರತದೊಳಗೆ ಬಾಂಗ್ಲಾದ 51 ಇದ್ದವು. ಸುತ್ತ ಪರದೇಶ, ನಡುವೆ ಐವತ್ತು ಸಾವಿರಕ್ಕೂ ಹೆಚ್ಚು ಜನ, ಅವರಿಗೆ ಯಾವ ದೇಶದ ಶಾಲೆಯೂ ಸರಿಯಾಗಿರಲಿಲ್ಲ, ಪೊಲೀಸೂ ಇರಲಿಲ್ಲ. ಇವನ್ನು ಅದಲುಬದಲು ಮಾಡುವ ಒಪ್ಪಂದಕ್ಕೆ 1974ರಲ್ಲಿ ಇಂದಿರಾ ಗಾಂಧಿ ಮತ್ತು ಮುಜೀಬುರ್ ರಹಮಾನ್ ಸಹಿ ಹಾಕಿದರು. ಬಾಂಗ್ಲಾದ ಸಂಸತ್ತು ಆ ವರ್ಷವೇ ಒಪ್ಪಿಗೆ ಕೊಟ್ಟಿತು. ನಮ್ಮದು ಕೊಟ್ಟದ್ದು 2015ರ ಮೇ ತಿಂಗಳಲ್ಲಿ, ಸಂವಿಧಾನದ ನೂರನೇ ತಿದ್ದುಪಡಿಯಾಗಿ, ಎರಡೂ ಸದನಗಳಲ್ಲಿ ಒಂದೂ ವಿರೋಧ ಮತವಿಲ್ಲದೆ. ಕೊನೆಗೆ ಒಂದೂ ವಿರೋಧ ಮತ ಬೀಳದ ಕೆಲಸಕ್ಕೆ 41 ವರ್ಷ! ಢಾಕಾದ ಸಂಸದರೊಬ್ಬರು ವರ್ಷವರ್ಷವೂ ದೆಹಲಿಯ ಮಂತ್ರಿಯ ಮುಂದೆ ನಿಂತು ಏನಾಯಿತು ಎಂದು ಕೇಳುವ ಜಾಗವೊಂದಿದ್ದರೆ ಇಷ್ಟು ಕಾಲ ಎಳೆಯುತ್ತಿತ್ತೇ ಎಂದು ಅಣ್ಣನನ್ನು ಕೇಳಿದೆ. ವಕೀಲ ತಾನೇ, ವಾಯಿದೆಗಳ ಮಹಿಮೆ ಬಲ್ಲವನು, ಸುಮ್ಮನಾದ.

ಪಾಕಿಸ್ತಾನದ ಜೊತೆಗೂ ಒಂದು ಸಂಗತಿ ನಡೆದುಕೊಂಡು ಬಂದಿದೆ. 2008ರ ಒಪ್ಪಂದದಂತೆ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ಎರಡೂ ದೇಶಗಳು ತಮ್ಮ ಜೈಲುಗಳಲ್ಲಿರುವ ಆ ದೇಶದ ಕೈದಿಗಳ, ಮೀನುಗಾರರ ಪಟ್ಟಿಯನ್ನು ಕೊಟ್ಟು ತೆಗೆದುಕೊಳ್ಳುತ್ತವೆ. ಪುಲ್ವಾಮಾ ಆದ ವರ್ಷವೂ ಕೊಟ್ಟರು, 2025ರ ಮೇ ತಿಂಗಳ ಸಂಘರ್ಷದ ನಂತರ ಬಂದ ಜುಲೈ 1ಕ್ಕೂ ಕೊಟ್ಟರು. ಪ್ರೀತಿಯಿಂದಲ್ಲ. ತಾರೀಖು ಬರೆದಿಟ್ಟಿದೆ, ಅದಕ್ಕೆ.

ಹಾಗಾಗಿ ನಾನು ಕೇಳುವುದು ದಕ್ಷಿಣ ಏಷ್ಯಾದ ಸಂಸತ್ತನ್ನಲ್ಲ. ಅಂಥ ಕನಸಿಗೆ ಕಟ್ಟಡ ಮೊದಲು ಎದ್ದು ನಿಂತು ಆಮೇಲೆ ಬೀಗ ಬೀಳುತ್ತದೆ. ಸಾರ್ಕ್‌ನ ಎಂಟೂ ದೇಶ ಒಟ್ಟಿಗೆ ಕೂರಬೇಕೆಂದೂ ಇಲ್ಲ. ತಮಿಳುನಾಡಿನ ರಾಮನಾಥಪುರದ ಸಂಸದರು, ಶ್ರೀಲಂಕಾದ ಜಾಫ್ನಾದ ಸಂಸದರು ಮೀನುಗಾರಿಕೆಯ ವಿಚಾರಕ್ಕೆ ವರ್ಷಕ್ಕೆರಡು ಸಲ ಕೂರಲಿ. ಇಬ್ಬರಿಗೂ ತಮಿಳು ಬರುತ್ತದೆ, ದುಭಾಷಿಯ ಖರ್ಚೂ ಇಲ್ಲ. ಸಮುದ್ರದ ತಳ ಗುಡಿಸುವ ಟ್ರಾಲಿಂಗ್‌ಗೆ ಶ್ರೀಲಂಕಾ 2017ರಲ್ಲೇ ನಿಷೇಧ ಹಾಕಿದೆ. ಅಲ್ಲಿ ಬಲೆ ಹರಿದುಕೊಳ್ಳುವವನೂ ತಮಿಳು ಮೀನುಗಾರ, ಇಲ್ಲಿಂದ ಹೋಗಿ ಬಂಧನಕ್ಕೊಳಗಾಗುವವನೂ ತಮಿಳು ಮೀನುಗಾರ. ಅವರು ಒಪ್ಪಿದ್ದಕ್ಕೆ ದೆಹಲಿ, ಕೊಲಂಬೊಗಳು ಇಂತಿಷ್ಟು ತಿಂಗಳಲ್ಲಿ ಬರಹದಲ್ಲಿ ಉತ್ತರಿಸಬೇಕು, ಆಗುವುದಿಲ್ಲವಾದರೆ ಕಾರಣ ಕೊಡಬೇಕು. ಅಷ್ಟು ಸಾಕು.

"ಅದು ಬಿಡು, ಕರ್ನಾಟಕ, ತಮಿಳುನಾಡಿನ ಶಾಸಕರೇ ಕಾವೇರಿ ವಿಚಾರಕ್ಕೆ ಎಂದಾದರೂ ಒಟ್ಟಿಗೆ ಕೂತಿದ್ದಾರಾ?" ಎಂದ ಅಣ್ಣ. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಹುಟ್ಟಿದ ವಲಯ ಮಂಡಳಿಗಳಲ್ಲೂ ಕೂರುವುದು ಮುಖ್ಯಮಂತ್ರಿಗಳು, ಮಂತ್ರಿಗಳು. ಮಂಡ್ಯದ ಶಾಸಕರಿಗೆ, ತಂಜಾವೂರಿನ ಶಾಸಕರಿಗೆ ಅಲ್ಲಿ ಕುರ್ಚಿಯಿಲ್ಲ. ಅವರು ಪರಸ್ಪರರನ್ನು ನೋಡುವುದು ಟಿವಿಯಲ್ಲಿ ಮಾತ್ರ.

ಖರ್ಚಿನ ಮಾತು, ಸಂಸದರಿಗೆ ಇನ್ನೊಂದು ವಿದೇಶ ಪ್ರವಾಸ ಎಂಬ ಗೊಣಗಾಟ ಬರುತ್ತದೆ. ಬರಲಿ, ನ್ಯಾಯವಾದದ್ದೇ. ಅದಕ್ಕೇ ಸಭೆ ದೆಹಲಿಯ ಐಷಾರಾಮಿ ಹೋಟೆಲಿನಲ್ಲಿ ಬೇಡ. ಬಿಹಾರದ ರಕ್ಸೌಲ್‌ನಲ್ಲೋ, ಎದುರಿನ ನೇಪಾಳದ ವೀರ್‌ಗಂಜ್‌ನಲ್ಲೋ ನಡೆಯಲಿ. ಗಡಿಯ ಧೂಳು, ಸಾಲುಗಟ್ಟಿದ ಲಾರಿಗಳು ಕಾಣುವ ಕಿಟಕಿಯಿರುವ ಯಾವ ಸರ್ಕಾರಿ ಕಟ್ಟಡವಾದರೂ ಆದೀತು.

ಅದೆಲ್ಲ ಆಗುವ ಮೊದಲು, ನಮ್ಮ ಕೈಯಲ್ಲೇ ಇರುವ ಒಂದು ಕೆಲಸವಿದೆ. ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗುತ್ತಾರೆ. ಬೆಂಗಳೂರಿನ ಸಂಸದರಂತೂ ನೇಪಾಳದ ಸಾವಿರಾರು ದುಡಿಯುವ ಕೈಗಳಿರುವ ನಗರದ ಪ್ರತಿನಿಧಿಗಳು. ಅವರಲ್ಲೊಬ್ಬರು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಲಿ: 2018ರಲ್ಲಿ ಸಿದ್ಧವಾದ ಭಾರತ–ನೇಪಾಳ ಗಣ್ಯರ ಸಮಿತಿಯ ವರದಿ ಈಗ ಎಲ್ಲಿದೆ, ಅದನ್ನು ಯಾವಾಗ ಸ್ವೀಕರಿಸುತ್ತೀರಿ? ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ತಾಳಿಕೊಳ್ಳಬೇಕು. ಹಾರಿಕೆಯ ಉತ್ತರ ಬಂದರೆ ಅದರ ಮುಂದಿನ ಅಧಿವೇಶನದಲ್ಲಿ ಇನ್ನೊಬ್ಬರು ಕೇಳಲಿ.